ತೂಕದಣ್ಣನನ್ನು ತೂಗಿದ್ದು

ಯೋಚನೆ ಎನ್ನುವುದು ಜಡವೋ ಚೇತನವೋ ಎಂಬ ಪ್ರಶ್ನೆ ದೊಡ್ಡದೊಡ್ಡವರನ್ನು ಎಷ್ಟು ಸಾವಿರ ವರ್ಷ ಕಾಡಿದೆಯೋ ದೇವರೇ ಬಲ್ಲ. ನಮ್ಮ ತೂಕದಣ್ಣನನ್ನು ಮಾತ್ರ ಅದು ಒಂದು ಬುಧವಾರ ಬೆಳಿಗ್ಗೆ, ಕ್ಷೌರದಂಗಡಿಯಲ್ಲಿ, ಮುಖದ ತುಂಬ ಸೋಪಿನ ನೊರೆ ಇದ್ದಾಗ ಹಿಡಿದುಕೊಂಡಿತು.

ತೂಕದಣ್ಣ ತೂಕ ಮತ್ತು ಅಳತೆ ಕಚೇರಿಯಲ್ಲಿ ಮುದ್ರೆ ಹಾಕುವವನು. ಊರಿನ ತಕ್ಕಡಿ, ಬಟ್ಟು, ಲೀಟರು ಡಬ್ಬ ಎಲ್ಲವೂ ವರ್ಷಕ್ಕೊಮ್ಮೆ ಅವನೆದುರು ಬಂದು ಕೂತು, ಅವನ ಸುತ್ತಿಗೆಯಿಂದ ಒಂದು ಏಟು ತಿಂದು, ಸಾಚಾ ಎನಿಸಿಕೊಂಡು ಹೋಗಬೇಕು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಚೇರಿ ಅವನ ಬಾಯಿಂದ ಕೇಳಿದ ಮಾತು ‘ಸರಿ ಸಾರ್’. ಮನೆ ಕೇಳಿದ ಮಾತು ‘ಸರಿ ಕಣೇ’. ಮೂರನೆಯ ಮಾತೊಂದು ಅವನ ಹತ್ತಿರ ಇದ್ದೀತು ಎಂದು ಯಾರಿಗೂ ಅನುಮಾನ ಬಂದಿರಲಿಲ್ಲ.

ಅವತ್ತು ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಅವನ ಕಚೇರಿಯ ಸಾಹೇಬರು. ಕೈಗೆ ಸಿಗದ್ದು ಇಲ್ಲವೇ ಇಲ್ಲ ಎನ್ನುವ ಪಕ್ಕಾ ಜಡವಾದಿ. ಹಿಂದಿನ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ಅವನ ಹೆಂಡತಿಯ ಅಣ್ಣ. ಹಗಲು ಧಾನ್ಯದ ಸಗಟು ವ್ಯಾಪಾರ, ಸಂಜೆ ಆತ್ಮದ ಮೇಲೆ ಪ್ರವಚನ. ತೂಕದಣ್ಣನಿಗೆ ಭಾವನಾದ್ದರಿಂದ ಊರಿಗೆಲ್ಲ ಅವರು ಭಾವ. ಹನ್ನೊಂದು ವರ್ಷದಿಂದ ಈ ಇಬ್ಬರೂ ಎಲ್ಲಿ ಸಿಕ್ಕರೂ ವಾದ ಮಾಡುತ್ತಿದ್ದರು. ತಾವು ಸೋತಿದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಗೆದ್ದಿದ್ದು ಮಾತ್ರ ಇಬ್ಬರಿಗೂ ಗೊತ್ತಿತ್ತು.

“ಕಾಫಿ ಕುಡಿಯದೆ ನನಗೆ ಒಂದು ಯೋಚನೆಯೂ ಬರಲ್ಲ,” ಎಂದರು ಸಾಹೇಬರು. “ಕಾಫಿ ಏನು? ವಸ್ತು. ವಸ್ತು ಒಳಗೆ ಹೋದ್ರೆ ಯೋಚನೆ ಹೊರಗೆ ಬರುತ್ತೆ. ಅಂದ್ಮೇಲೆ ಯೋಚನೆನೂ ವಸ್ತುವೇ. ಮಿದುಳಿನ ಬೆವರು ಅಂತ ಇಟ್ಕೊಳ್ಳಿ.”

“ಹಾಗಾದ್ರೆ ನಿಮ್ಮ ಯೋಚನೆನೆಲ್ಲ ಕರ್ಚೀಫಲ್ಲಿ ಒರೆಸ್ಕೊಳ್ಳಿ, ಯಾರು ಬೇಡ ಅಂತಾರೆ,” ಎಂದರು ಭಾವ. “ಸ್ವಾಮಿ, ಯೋಚನೆ ಆತ್ಮದ್ದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತೂಕ ಇಲ್ಲ.”

“ತೂಕ ಇಲ್ಲ ಅಂತ ನಿಮಗೆ ಹೇಳಿದ್ಯಾರು?”

“ಇದೆ ಅಂತ ನಿಮಗೆ ಹೇಳಿದ್ಯಾರು?”

ತೂಕದ ಮಾತು ಬಂದದ್ದೇ ತಡ, ಇಬ್ಬರ ಕಣ್ಣೂ ಕನ್ನಡಿಯೊಳಗಿನಿಂದ ತೂಕದಣ್ಣನ ಮೇಲೆ ಬಿದ್ದವು. ಕ್ಷೌರಿಕನ ಕತ್ತಿ ಅವನ ಗಂಟಲಿನ ಮೇಲಿತ್ತು. ಹೌದು ಎಂದು ತಲೆ ಆಡಿಸುವ ಹಾಗಿಲ್ಲ, ಇಲ್ಲ ಎಂದು ಆಡಿಸುವ ಹಾಗೂ ಇಲ್ಲ. ಸಾಹೇಬರ ಕಡೆ ಅನ್ನ, ಭಾವನ ಕಡೆ ಅನ್ನ ಬಡಿಸುವವಳು. ನಡುವೆ ಸಿಕ್ಕಿಕೊಂಡ ಆ ಬಡಪಾಯಿ ಉಸಿರು ಬಿಗಿಹಿಡಿದು, “ತೂಗಿ ನೋಡಿದ್ರಾಯ್ತು,” ಎಂದುಬಿಟ್ಟ.

ಕತ್ತಿ ನಿಂತಿತು. ಅಂಗಡಿಯೇ ನಿಂತಿತು. ಇಡೀ ಜನ್ಮದಲ್ಲಿ ಯಾರೂ ತನ್ನ ಮಾತಿಗೆ ಹೀಗೆ ಬಾಯಿ ತೆರೆದುಕೊಂಡು ಕೂತದ್ದನ್ನು ಕಾಣದಿದ್ದ ತೂಕದಣ್ಣನಿಗೆ ಸ್ವಲ್ಪ ಹೆಮ್ಮೆ ನೆತ್ತಿಗೇರಿತು. “ನಮ್ಮ ಕಚೇರಿ ತಕ್ಕಡಿ ಸಾಸಿವೆ ಕಾಳನ್ನೂ ಬಿಡಲ್ಲ. ಯೋಚನೆ ಯಾವ ಲೆಕ್ಕ,” ಎಂದು ಸೇರಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಕರೆ ಬಂತು. ಒಳಗೆ ಹೋದರೆ ಸಾಹೇಬರ ಎದುರು ಭಾವ ಕೂತಿದ್ದಾರೆ, ಇಬ್ಬರ ಮುಂದೂ ಕಾಫಿ ಇದೆ. ಹಾವು ಮುಂಗುಸಿ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಕಂಡವನಂತೆ ತೂಕದಣ್ಣ ಬಾಗಿಲಲ್ಲೇ ನಿಂತ.

“ಭಾನುವಾರ ನಾಲ್ಕು ಗಂಟೆಗೆ ಓದುಗರ ಸಂಘದ ಸಭಾಂಗಣದಲ್ಲಿ ಬಹಿರಂಗ ಚರ್ಚೆ,” ಎಂದರು ಸಾಹೇಬರು. “ಒಬ್ಬ ಮನುಷ್ಯನನ್ನ ಯೋಚನೆ ಇಲ್ಲದಾಗ ಒಂದು ಸಲ ತೂಗೋದು, ಯೋಚನೆ ಮಾಡುವಾಗ ಒಂದು ಸಲ ತೂಗೋದು. ತೂಕ ಹೆಚ್ಚಾದ್ರೆ ನಾನು ಗೆದ್ದೆ, ಆಗದಿದ್ರೆ ಇವರು. ನಮ್ಮ ದೊಡ್ಡ ತಕ್ಕಡಿ ತಗೊಂಡು ಬನ್ನಿ.”

“ದೊಡ್ಡದು ಬೇಡ ಸಾರ್,” ಎಂದ ತೂಕದಣ್ಣ ಗಾಬರಿಯಿಂದ. “ನಾನು ಹೇಳಿದ್ದು ಚಿನ್ನ ತೂಗೋ ಪುಟ್ಟ ತಕ್ಕಡಿ ವಿಷಯ.”

“ಅದರಲ್ಲಿ ಮನುಷ್ಯ ಎಲ್ರೀ ಕೂರ್ತಾನೆ? ದೊಡ್ಡದೇ ತನ್ನಿ.”

“ಸರಿ ಸಾರ್.”

“ಈಗ ಕಷ್ಟ ಇರೋದು ಮನುಷ್ಯನದ್ದು,” ಎಂದರು ಭಾವ. “ಬೇಕು ಅಂದಾಗ ಯೋಚನೆ ನಿಲ್ಲಿಸೋನು ಬೇಕು. ಧ್ಯಾನದಲ್ಲಿ ನನಗೆ ಅದು ಸಲೀಸು. ಸಾಹೇಬರು ಒಪ್ತಾ ಇಲ್ಲ.”

“ಪರೀಕ್ಷೆ ಬರೆಯೋರೇ ಅಂಕ ಕೊಟ್ಕೊಳ್ಳೋ ಹಾಗಿಲ್ಲ. ಹೊರಗಿನೋರು ಬೇಕು. ಸ್ವಭಾವದಿಂದಲೇ ಯೋಚನೆ ಇಲ್ಲದೋರು.”

ಇಬ್ಬರೂ ಸೂರು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದ ಆ ಇಬ್ಬರು, ನಿಧಾನವಾಗಿ ಕತ್ತು ತಿರುಗಿಸಿ ತೂಕದಣ್ಣನನ್ನು ನೋಡಿದರು.

ತೂಕದಣ್ಣ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಗೋಡೆ ಇತ್ತು.

ಸಾಹೇಬರು ಸರ್ಕಾರಿ ಮನುಷ್ಯ. ಬಾಯಿಮಾತು ಅವರಿಗೆ ಸಾಲದು. ಮಧ್ಯಾಹ್ನದೊಳಗೆ ಒಂದು ಕಾಗದ ತಯಾರಾಯಿತು: ‘ಈ ಕೆಳಗೆ ಸಹಿ ಮಾಡಿರುವ ನಾವು, ಸದರಿ ವ್ಯಕ್ತಿಯನ್ನು ಬಹುಕಾಲದಿಂದ ಬಲ್ಲವರಾಗಿದ್ದು, ಸದರಿಯವರು ನಮಗೆ ತಿಳಿದ ಮಟ್ಟಿಗೆ ಯಾವುದೇ ರೀತಿಯ ಯೋಚನೆಯನ್ನು ಮಾಡಿರುವುದಿಲ್ಲವೆಂದು ದೃಢೀಕರಿಸುತ್ತೇವೆ.’ ಈ ಕಾಗದ ಹಿಡಿದುಕೊಂಡು ಭಾವ ಸಂಜೆ ಬೀದಿಗೆ ಬಂದರು. ಅಕ್ಕಪಕ್ಕದವರು ಬಂದು ಕೂರಲು ತೂಕದಣ್ಣನೇ ಮನೆಯಿಂದ ಕುರ್ಚಿ ತಂದು ಹಾಕಿದ.

ಮೊದಲು ಸಹಿ ಹಾಕಿದವನು ಕ್ಷೌರಿಕ. “ಒಂದ್ಸಲ ಕಿವಿ ಹತ್ರ ಸ್ವಲ್ಪ ಕುಯ್ದುಹೋಯ್ತು. ‘ಸರಿ’ ಅಂದ್ರು. ಯೋಚನೆ ಮಾಡೋ ಮನುಷ್ಯ ಹಾಗಂತಾನಾ?”

ಎರಡನೆಯವನು ಪಕ್ಕದ ಮನೆಯ ದರ್ಜಿ. “ಹೋದ ತಿಂಗಳು ಕಚೇರಿಯಿಂದ ಬಂದೋರು ಸೀದಾ ನಮ್ಮನೆಗೆ ನುಗ್ಗಿ, ಚಪ್ಪಲಿ ಬಿಟ್ಟು, ಅರ್ಧ ಗಂಟೆ ಪೇಪರ್ ಓದಿದ್ರು. ಆಮೇಲೆ ಕಾಫಿ ಯಾಕೆ ತಡ ಅಂತ ನನ್ನ ಹೆಂಡತೀನ ಕೇಳಿದ್ರು.”

“ಆಮೇಲೆ?” ಎಂದರು ಭಾವ.

“ಕೊಟ್ಟಳು. ಪಾಪ ಅಂತ.”

ತೂಕದಣ್ಣ ಒಂದೊಂದು ಸಾಕ್ಷಿಗೂ ಬೆಚ್ಚಿಬೀಳುತ್ತಿದ್ದ. ಆದರೂ ಅವನ ಧೈರ್ಯವೆಲ್ಲ ಒಂದೇ ಕಡೆ ಇತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು. ಅವಳು ಮಾತ್ರ ಈ ಕಾಗದವನ್ನು ಹರಿದು ಅಣ್ಣನ ಮುಖಕ್ಕೆ ಎಸೆಯುತ್ತಾಳೆ ಎಂದು ಅವನು ನಂಬಿದ್ದ. ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಕಾಗದವನ್ನು ಪೂರ್ತಿ ಓದಿದಳು.

“ಎಲ್ಲಣ್ಣ ಸಹಿ ಹಾಕ್ಬೇಕು?” ಎಂದಳು.

“ಲೇ,” ಎಂದ ತೂಕದಣ್ಣ.

“ಸುಮ್ನಿರಿ. ಮದುವೆಯಾಗಿ ಬಂದಾಗಿಂದ ಕೇಳ್ತಾ ಇದ್ದೀನಿ, ‘ಏನ್ರೀ ಯೋಚನೆ ಮಾಡ್ತಿದ್ದೀರಿ’ ಅಂತ. ಏನಂತೀರಿ? ‘ಏನಿಲ್ಲ’ ಅಂತೀರಿ. ಇಪ್ಪತ್ತೆರಡು ವರ್ಷ ಒಂದೇ ಉತ್ತರ. ನೀವು ಹೇಳಿದ್ದನ್ನೇ ನಾನು ನಂಬಿದ್ದೀನಿ.” ಸಹಿ ಹಾಕಿದಳು. ಕೆಳಗೆ ತಾರೀಕನ್ನೂ ಬರೆದಳು.

ಅಲ್ಲಿಂದ ಭಾನುವಾರದವರೆಗೆ ತೂಕದಣ್ಣನಿಗೆ ಬೀದಿಯ ಕಾವಲು ಬಿತ್ತು. ಪ್ರಯೋಗದ ವಸ್ತು ಕೆಡಬಾರದಲ್ಲ. ದರ್ಜಿ ಬೆಳಗಿನ ಪೇಪರನ್ನು ಅವನ ಕೈಗೆ ಸಿಗದಂತೆ ಎತ್ತಿಟ್ಟ. ತರಕಾರಿ ಅಂಗಡಿಯವಳು ಅವನನ್ನು ಆರಿಸಲು ಬಿಡದೆ ತಾನೇ ತುಂಬಿ ಕೊಟ್ಟಳು. ಕಿಟಕಿಯಿಂದ ಹೊರಗೆ ನೋಡುತ್ತ ಒಂದು ನಿಮಿಷ ನಿಂತರೆ ಸಾಕು, ಎದುರು ಮನೆಯಿಂದ ಯಾರಾದರೂ, “ಅಣ್ಣಾ, ಯೋಚನೆ ಮಾಡ್ತಿದ್ದೀರಾ ಹೇಗೆ?” ಎಂದು ಕೂಗುತ್ತಿದ್ದರು. “ಇಲ್ಲಪ್ಪ,” ಎನ್ನುತ್ತಿದ್ದ ತೂಕದಣ್ಣ. ಕಚೇರಿಯಲ್ಲಿ ಶುಕ್ರವಾರ ಅವನು ದೊಡ್ಡ ತಕ್ಕಡಿಯ ಮುಂದೆ ಕೂತು ಅದನ್ನೇ ದಿಟ್ಟಿಸುತ್ತಿದ್ದುದನ್ನು ಕಂಡ ಸಾಹೇಬರು, ಒಂದು ದಿನ ರಜೆ ಕೊಟ್ಟು ಮನೆಗೆ ಕಳಿಸಿದರು.

ಭಾನುವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ನಡುವೆ ಮೂಟೆ ತೂಗುವ ದೊಡ್ಡ ತಕ್ಕಡಿ. ಕೆಳಗೆ ಅಗಲವಾದ ಹಲಗೆ, ಮೇಲೆ ಅಂಕಿ ಕೊರೆದ ಉಕ್ಕಿನ ದಂಡ, ಅದರ ಮೇಲೆ ಸರಿಯುವ ಗುಂಡು. ತಕ್ಕಡಿ ಹೋದಲ್ಲಿ ಬಟ್ಟಿನ ಪೆಟ್ಟಿಗೆಯೂ ಹೋಗಬೇಕೆಂಬುದು ಕಚೇರಿಯ ನಿಯಮ. ಹಾಗಾಗಿ ಇಪ್ಪತ್ತು ಕೆಜಿಯ ಐದು ಹಿತ್ತಾಳೆ ಬಟ್ಟುಗಳೂ ಅದರ ಪಕ್ಕದಲ್ಲಿ ಸಾಲಾಗಿ ಕೂತಿದ್ದವು. ಎಡಕ್ಕೆ ಜಡ, ಅಂದರೆ ಸಾಹೇಬರು. ಬಲಕ್ಕೆ ಚೇತನ, ಅಂದರೆ ಭಾವ. ಮುಂದಿನ ಸಾಲಿನಲ್ಲಿ ತೂಕದಣ್ಣನ ಹೆಂಡತಿ, ಅವಳ ಪಕ್ಕದಲ್ಲಿ ಬೇಕರಿ ನಡೆಸುವ ದಪ್ಪನೆಯ ಹೆಂಗಸು.

ಮೊದಲು ಭಾಷಣ. “ತಲೆಗೆ ಒಂದು ಏಟು ಬಿದ್ರೆ ಯೋಚನೆ ನಿಂತುಹೋಗುತ್ತೆ,” ಎಂದರು ಸಾಹೇಬರು. “ಆತ್ಮಕ್ಕೆ ಏಟು ಬೀಳುತ್ತಾ? ಬೀಳಲ್ಲ. ಹಾಗಾದ್ರೆ ನಿಂತಿದ್ದು ಯಾವುದು?”

“ಬಾಗಿಲು ಮುಚ್ಚಿದ್ರೆ ಒಳಗಿರೋನು ಕಾಣಲ್ಲ,” ಎಂದರು ಭಾವ. “ಕಾಣಲ್ಲ ಅಂತ ಮನೆಯೋನೇ ಬಾಗಿಲು ಅಂತೀರಾ?”

“ಬಾಗಿಲು ತೆಗೆದು ತೋರಿಸಿ ಸ್ವಾಮಿ, ಯಾರಿದ್ದಾರೆ ನೋಡೋಣ.”

“ನೋಡೋಕೆ ಬರೋನೇ ಒಳಗಿರೋನು.”

ಸಭಿಕರು ಎರಡೂ ಕಡೆಗೆ ಚಪ್ಪಾಳೆ ತಟ್ಟಿ ದಣಿದ ಮೇಲೆ ತೂಕದಣ್ಣನನ್ನು ಕರೆದರು. ಚಪ್ಪಲಿ ಬಿಡಿಸಿದರು, ಜೇಬು ಖಾಲಿ ಮಾಡಿಸಿದರು, ಕನ್ನಡಕ ತೆಗೆಸಿದರು. ಸಂಘದ ಕಾರ್ಯದರ್ಶಿ ದೃಢೀಕರಣದ ಕಾಗದವನ್ನು ಗಟ್ಟಿಯಾಗಿ ಓದಿದರು. ‘ಯಾವುದೇ ರೀತಿಯ ಯೋಚನೆಯನ್ನು ಮಾಡಿರುವುದಿಲ್ಲ’ ಎಂಬಲ್ಲಿ ಜನ ಗೌರವದಿಂದ ತಲೆದೂಗಿದರು. ತೂಕದಣ್ಣ ಹಲಗೆಯ ಮೇಲೆ ಹತ್ತಿ ನಿಂತ. ಸಾಹೇಬರು ತಾವೇ ದಂಡದ ಮೇಲಿನ ಗುಂಡನ್ನು ಸರಿಸಿದರು.

“ಯೋಚನೆ ಇಲ್ಲದೆ ಅರವತ್ತೊಂದು ಕೆಜಿ,” ಎಂದು ಘೋಷಿಸಿದರು. “ಈಗ ಯೋಚನೆ ಮಾಡಿ.”

ತೂಕದಣ್ಣ ಕಣ್ಣು ಮುಚ್ಚಿದ. ಸಭೆ ಉಸಿರು ಹಿಡಿಯಿತು. ದಂಡ ಅಲುಗಲಿಲ್ಲ.

“ಇನ್ನೂ ಜೋರಾಗಿ ಮಾಡ್ರೀ.”

ತೂಕದಣ್ಣನ ಹಣೆ ಗಂಟಿಕ್ಕಿತು. ದಂಡ ಕಲ್ಲಿನ ಹಾಗೆ ನಿಂತಿತ್ತು.

“ಮುಗೀತು,” ಎಂದರು ಭಾವ, ಶಾಲು ಸರಿಮಾಡಿಕೊಂಡು. “ಯೋಚನೆಗೆ ತೂಕ ಇಲ್ಲ. ಅದು ಚೇತನ.”

“ಏನು ಮುಗಿಯೋದು? ಅವರು ಯೋಚನೆನೇ ಮಾಡಿಲ್ಲ,” ಎಂದು ಸಾಹೇಬರು ಕಾಗದವನ್ನು ಬೀಸಿದರು. “ಅವರ ಕೈಲಾಗಲ್ಲ ಅಂತ ನೀವೇ ತಂದ ಸಹಿಗಳಿವೆ. ನಿಮ್ಮ ತಂಗೀದೂ ಇದೆ, ತಾರೀಕು ಸಮೇತ.”

ಭಾವ ತಂಗಿಯ ಕಡೆ ನೋಡಿದರು. ತಂಗಿ ಸೆರಗಿನ ಕಡೆ ನೋಡಿದಳು. ತಾವೇ ತೋಡಿದ ಗುಂಡಿಗೆ ಬಿದ್ದ ಭಾವ ಮೇಲೆ ಹತ್ತಲು ಒಂದೇ ಏಣಿ ಕಂಡರು. “ಹಾಗಾದ್ರೆ ಅವನೇ ಹೇಳಲಿ. ಏನು ಯೋಚನೆ ಮಾಡ್ತಿದ್ದೀಯ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಪ್ಪ.”

“ಏನಿಲ್ಲ ಭಾವ,” ಎಂದ ತೂಕದಣ್ಣ. ಅವನ ಮುಖ ಸುಣ್ಣದ ಗೋಡೆಯಂತಾಗಿತ್ತು.

“ನೋಡಿದ್ರಾ, ಏನಿಲ್ಲವಂತೆ,” ಎಂದರು ಸಾಹೇಬರು.

“ಏನೋ ಇದೆ. ಬೆವರ್ತಾ ಇದ್ದಾನೆ,” ಎಂದರು ಭಾವ.

“ಬೆವರು ವಸ್ತು. ಒಪ್ಕೊಂಡ್ರಲ್ಲ,” ಎಂದರು ಸಾಹೇಬರು. ಆಮೇಲೆ ತೂಕದಣ್ಣನ ಕಡೆ ತಿರುಗಿ, “ಹೇಳ್ರೀ. ಇದು ಆರ್ಡರ್,” ಎಂದರು.

“ಬರವಣಿಗೆಯಲ್ಲಿ ಕೊಡ್ತೀರಾ ಸಾರ್?”

ಸಭೆ ನಕ್ಕಿತು. ಸಾಹೇಬರಿಗೆ ರೇಗಿತು. ಅದೇ ಕಾಗದದ ಹಿಂಭಾಗದಲ್ಲಿ, ‘ಸದರಿಯವರು ತಮ್ಮ ಯೋಚನೆಯನ್ನು ಸಭೆಗೆ ತಿಳಿಸತಕ್ಕದ್ದು’ ಎಂದು ಗೀಚಿ, ಸಹಿ ಹಾಕಿ ಕೊಟ್ಟರು. ತೂಕದಣ್ಣ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ನಾಲ್ಕಾಗಿ ಮಡಿಸಿ, ಖಾಲಿ ಜೇಬಿನಲ್ಲಿಟ್ಟುಕೊಂಡ. ಗಂಟಲು ಸರಿಮಾಡಿಕೊಂಡ.

“ನಾನು ಅರವತ್ತೊಂದು ಕೆಜಿ ಇಲ್ಲ ಸಾರ್, ಅರವತ್ತೂಕಾಲು ಇರ್ಬೇಕು. ಈ ತಕ್ಕಡಿ ಸುಳ್ಳು ಹೇಳುತ್ತೆ ಅಂತ ಯೋಚನೆ ಮಾಡ್ತಿದ್ದೆ.”

ಯಾರಿಗೂ ತಟ್ಟನೆ ಅರ್ಥವಾಗಲಿಲ್ಲ. ತೂಕದಣ್ಣ ಮುಂದುವರಿಸಿದ. ಏಳು ವರ್ಷದ ಹಿಂದೆ ಕಚೇರಿ ಬೇರೆ ಕಟ್ಟಡಕ್ಕೆ ಬಂತಲ್ಲ, ಆಗ ಲಾರಿಯಿಂದ ಇಳಿಸುವಾಗ ಇದು ಬಿತ್ತು. ಅವತ್ತಿನಿಂದ ನೂರು ಕೆಜಿಗೆ ಒಂದೂಕಾಲು ಕೆಜಿ ಹೆಚ್ಚು ತೋರಿಸುತ್ತದೆ. ಊರಿನ ಮೂಟೆ ತಕ್ಕಡಿಗಳಿಗೆಲ್ಲ ಇದನ್ನು ನೋಡಿಯೇ ಮುದ್ರೆ ಹಾಕುವುದು. “ಯಾರಾದ್ರೂ ಸರಿಯಾದ ತಕ್ಕಡಿ ತಂದ್ರೆ,” ಎಂದ ಅವನು, ತೀರ ಸಂಕೋಚದಿಂದ, “ನಾವು ಅದನ್ನ ತಪ್ಪು ಮಾಡಿ ಕಳಿಸ್ತೀವಿ.”

ಹಿಂದಿನ ಸಾಲಿನಲ್ಲಿ ಯಾರದೋ ಕೈಯಿಂದ ಛತ್ರಿ ಜಾರಿ ಬಿದ್ದ ಸದ್ದು ಸಿಡಿಲಿನ ಹಾಗೆ ಕೇಳಿಸಿತು.

ಬೇಕರಿಯ ಹೆಂಗಸು ಎದ್ದು ನಿಂತಳು. “ಅಂದ್ರೆ ನಾನು ತಗೊಳ್ಳೋ ಹಿಟ್ಟಿನ ಮೂಟೆ?”

“ನೂರು ಕೆಜಿಗೆ ಒಂದೂಕಾಲು ಕೆಜಿ ಕಮ್ಮಿ ಬರುತ್ತೆ ಅಮ್ಮ.”

“ಏಳು ವರ್ಷದಿಂದ?”

“ಬರೋ ತಿಂಗಳಿಗೆ ಎಂಟು.”

ಅವಳು ಸೆರಗು ಬಿಗಿದು ವೇದಿಕೆ ಹತ್ತಿದಳು, ತೂಕದಣ್ಣನನ್ನು ಹಲಗೆಯಿಂದ ಮಗುವಿನ ಹಾಗೆ ಪಕ್ಕಕ್ಕೆ ಸರಿಸಿದಳು, ಒಂದೊಂದಾಗಿ ಐದು ಹಿತ್ತಾಳೆ ಬಟ್ಟುಗಳನ್ನು ಎತ್ತಿ ಇಟ್ಟಳು. ಇಪ್ಪತ್ತು ಐದಲೆ ನೂರು, ಇದನ್ನು ಒಪ್ಪಲು ಜಡವಾದವೂ ಬೇಡ, ಆತ್ಮವೂ ಬೇಡ. ಸಾಹೇಬರು ಗುಂಡನ್ನು ನೂರಕ್ಕೆ ತಂದರು. ದಂಡ ಸಮನಾಗಲಿಲ್ಲ. ಮೇಲಕ್ಕೆ ಹೋಗಿ ಕಚ್ಚಿಕೊಂಡು ನಿಂತಿತು. ಗುಂಡನ್ನು ಸರಿಸಿದರು, ಇನ್ನೂ ಸರಿಸಿದರು. ನೂರಾ ಒಂದೂಕಾಲಿನಲ್ಲಿ ದಂಡ ಸಮನಾಯಿತು.

ಇಡೀ ಸಭಾಂಗಣ ಒಂದು ದೊಡ್ಡ ಬಾಯಿಯಾಯಿತು.

“ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ?” ಎಂದರು ಸಾಹೇಬರು. ಅವರ ಧ್ವನಿ ಅವರದೇ ಎಂದು ಗುರುತು ಸಿಗುತ್ತಿರಲಿಲ್ಲ.

“ಮೂರು ಸಲ ಬರೆದು ಕೊಟ್ಟಿದ್ದೆ ಸಾರ್. ಮೂರು ಸಲಾನೂ ‘ಯೋಚನೆ ಮಾಡೋಣ’ ಅಂದ್ರಿ.”

ಭಾವ ಇದೇ ಸಮಯವೆಂದು ಎದ್ದು ನಿಂತರು. “ಮಹಾಜನಗಳೇ, ನೋಡಿದ್ರಲ್ಲ. ಜಡವನ್ನು ನಂಬಿದ್ರೆ ಹೀಗೇ. ನಾನು ಮೊದಲಿಂದ ಹೇಳ್ತಿರೋದು ಇದನ್ನೇ.”

“ನಿಮಗೂ ಹೇಳಿದ್ದೆ ಭಾವ,” ಎಂದ ತೂಕದಣ್ಣ ವಿನಯದಿಂದ. ಕಾಗದದ ಆಜ್ಞೆ ಇನ್ನೂ ಜೇಬಿನಲ್ಲಿತ್ತು. ಅದರಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಬರೆದಿರಲಿಲ್ಲ. “ನಿಮ್ಮಂಗಡಿ ತಕ್ಕಡಿ ಸರಿ ಮಾಡ್ಕೊಳ್ಳಿ ಅಂದೆ. ‘ಜಗತ್ತೇ ಮಾಯೆ, ಅದರಲ್ಲಿ ಒಂದೂಕಾಲು ಕೆಜಿ ಎಲ್ಲಿಯ ಸತ್ಯ’ ಅಂದ್ರಿ.”

ಬೇಕರಿಯ ಹೆಂಗಸು ಒಂದು ಹಿತ್ತಾಳೆ ಬಟ್ಟನ್ನು ಎದೆಗವಚಿಕೊಂಡು ಭಾವನ ಕಡೆ ತಿರುಗಿದಳು. “ಇದು ಮಾಯೆನೋ ಅಲ್ವೋ, ಸ್ವಲ್ಪ ಹಿಡ್ಕೊಂಡು ಹೇಳಿ ಸ್ವಾಮಿ,” ಎಂದಳು. ಭಾವ ಹಿಡಿದುಕೊಳ್ಳಲಿಲ್ಲ. ಆತ್ಮಕ್ಕೆ ಅವಸರವಿಲ್ಲ ಎಂದು ಬೋಧಿಸುತ್ತಿದ್ದ ಆ ಮಹನೀಯರು ವೇದಿಕೆಯ ಹಿಂಬಾಗಿಲಿಂದ ಹೋದ ವೇಗವನ್ನು ಅಳೆಯುವ ಸಾಧನ ತೂಕ ಮತ್ತು ಅಳತೆ ಕಚೇರಿಯಲ್ಲೂ ಇಲ್ಲ. ಸಾಹೇಬರನ್ನು ಹದಿನೈದು ಅಂಗಡಿಕಾರರು ಮತ್ತು ಐವತ್ತು ಗಿರಾಕಿಗಳು ಸುತ್ತುವರಿದಿದ್ದರು. ಒಬ್ಬೊಬ್ಬರೂ ಹಲಗೆ ಹತ್ತಿ ತಮ್ಮನ್ನು ತೂಗಿಕೊಳ್ಳುವ ಗಲಾಟೆಯಲ್ಲಿ ದರ್ಜಿಯ ಚಪ್ಪಲಿ ಕಳೆದುಹೋಯಿತು.

ಮುಂದೆ ಮೇಲಿನ ಕಚೇರಿಯವರು ಬಂದರು, ತಕ್ಕಡಿ ಮೂಲೆ ಸೇರಿತು, ಸಾಹೇಬರು ದೀರ್ಘ ರಜೆಯ ಮೇಲೆ ಹೋದರು, ಭಾವ ಒಂದು ತಿಂಗಳು ಮೌನವ್ರತ ಹಿಡಿದರು. ಅದೆಲ್ಲ ಆಮೇಲಿನ ಮಾತು.

ಅವತ್ತು ಸಂಜೆ ತೂಕದಣ್ಣ ಹೆಂಡತಿಯ ಹಿಂದೆ ಮನೆಗೆ ನಡೆದ. ದಾರಿಯುದ್ದಕ್ಕೂ ಜನ ಎದ್ದು ನಿಂತು ಅವನನ್ನು ನೋಡಿದರು, ಸತ್ತವನು ಚಟ್ಟದ ಮೇಲೆ ಎದ್ದು ಕೂತದ್ದನ್ನು ಕಂಡವರ ಹಾಗೆ. ಕ್ಷೌರಿಕನಂತೂ ಕೈ ಕಿವಿಯ ಮೇಲಿಟ್ಟುಕೊಂಡು, “ಅವತ್ತು ಕುಯ್ದಿದ್ದಕ್ಕೆ ಮನಸ್ಸಲ್ಲಿ ಏನಂದ್ಕೊಂಡ್ರಿ ಅಣ್ಣ?” ಎಂದು ಕೇಳಿದ. ತೂಕದಣ್ಣ ಉತ್ತರ ಕೊಡುವ ಮೊದಲೇ ಬೇಡ ಬೇಡ ಎಂದು ಒಳಗೆ ಓಡಿದ.

ಮನೆ ಸೇರಿದ ಮೇಲೆ ಹೆಂಡತಿ ಒಲೆ ಹಚ್ಚಿದಳು. ಕಾಫಿ ಮಾಡಿ ಕೊಟ್ಟಳು. ಎದುರಿಗೆ ನಿಂತಳು. ಅವನು ಕುಡಿದು ಮುಗಿಸುವವರೆಗೂ ಮುಖವನ್ನೇ ನೋಡುತ್ತಿದ್ದಳು, ಹೊಸದಾಗಿ ಯಾರೋ ಮನೆಗೆ ಬಂದು ಅವನ ಕುರ್ಚಿಯಲ್ಲಿ ಕೂತಿದ್ದಾರೆ ಎನ್ನುವಂತೆ.

“ಏಳು ವರ್ಷ,” ಎಂದಳು ಕೊನೆಗೆ. “ನನಗೂ ಹೇಳಲಿಲ್ಲ.”

“ಅವರು ನಿನ್ನ ಅಣ್ಣ ಅಲ್ವಾ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಆ ಕಾಗದಕ್ಕೆ ಸಹಿ ಹಾಕಿದಾಗ ಏನಂದ್ಕೊಂಡ್ರಿ?”

ತೂಕದಣ್ಣ ಲೋಟವನ್ನು ನೋಡಿದ. “ತಾರೀಕು ಬೇರೆ ಹಾಕಿದಳಲ್ಲ ಅಂದ್ಕೊಂಡೆ.”

ಅವಳ ಕಣ್ಣು ಒದ್ದೆಯಾಯಿತು. ಒರೆಸಿಕೊಂಡು, ಧ್ವನಿ ತಗ್ಗಿಸಿ ಕೇಳಿದಳು: “ಇನ್ನೂ ಹೀಗೇ ಒಳಗೆ ಇಟ್ಕೊಂಡಿರೋದು ಏನಾದ್ರೂ ಇದೆಯಾ?”

“ಇದೆ,” ಎಂದ ತೂಕದಣ್ಣ. “ಹೇಳ್ಲಾ?”

ಕಿಟಕಿಯಲ್ಲಿ ಆಗಲೇ ದರ್ಜಿಯ ತಲೆ ಕಾಣಿಸಿತ್ತು. ಅದರ ಹಿಂದೆ ಅವನ ಹೆಂಡತಿಯ ತಲೆ, ಅದರ ಹಿಂದೆ ಇನ್ನೂ ಮೂರು.

“ತಡೀರಿ,” ಎಂದು ಅವಳು ಎದ್ದಳು. “ಬಾಗಿಲು ಹಾಕಿ ಬರ್ತೀನಿ.”